ಒದ್ದೆ, ಜಿಡ್ಡು, ರಕ್ತ, ಮಸಿ: ಕಷ್ಟದ ಮೇಲ್ಮೈಗಳಿಂದ ಬೆರಳಚ್ಚು ಪಡೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆರಳಚ್ಚಿನ ಪಾಠ ಸಾಮಾನ್ಯವಾಗಿ ಶುರುವಾಗುವುದು ಒಣಗಿದ ಗಾಜು, ನಯವಾದ ಬಾಗಿಲು, ಬಿಳಿ ಕಾಗದಗಳಿಂದ. ಅಪರಾಧ ನಡೆದ ಜಾಗದಲ್ಲಿ ಸಿಗುವುದು ಬೇರೆಯೇ: ಕೆರೆಯಿಂದ ಎತ್ತಿದ ಚಾಕು, ಅರ್ಧ ಸುಟ್ಟ ಡಬ್ಬಿ, ಮುದ್ದೆಯಾದ ಅಂಟುಪಟ್ಟಿ, ರಕ್ತ ಮೆತ್ತಿದ ಹಿಡಿಕೆ. ಇಂಥ ವಸ್ತುಗಳ ಬಗ್ಗೆ ವಿದ್ಯಾರ್ಥಿಗಳೂ ಹೊಸ ತನಿಖಾಧಿಕಾರಿಗಳೂ ವಕೀಲರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ರಾಸಾಯನಿಕಗಳ ಹೆಸರು ಮರೆತರೂ ಪರವಾಗಿಲ್ಲ, ಯಾವುದಾದ ಮೇಲೆ ಯಾವುದು ಎಂಬ ಕ್ರಮ ಮರೆಯಬಾರದು. ಕಷ್ಟದ ಮೇಲ್ಮೈಯಲ್ಲಿ ಬೆರಳಚ್ಚು ಉಳಿಯುವುದೂ ಅಳಿಯುವುದೂ ಬಹುಪಾಲು ಮೊದಲ ಹೆಜ್ಜೆಯಲ್ಲೇ ತೀರ್ಮಾನವಾಗುತ್ತದೆ.

ಬೆರಳು ಮುಟ್ಟಿದ ಜಾಗದಲ್ಲಿ ನಿಜಕ್ಕೂ ಉಳಿಯುವುದೇನು?

ಬೆರಳ ತುದಿಯಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ. ಅಲ್ಲಿ ಜಿಡ್ಡಿನ ಗ್ರಂಥಿಗಳಿಲ್ಲ. ಬೆವರು ಬಹುತೇಕ ನೀರೇ. ಅದರಲ್ಲಿ ಸ್ವಲ್ಪ ಉಪ್ಪು, ಯೂರಿಯಾ, ಅಮೈನೊ ಆಮ್ಲಗಳು ಕರಗಿರುತ್ತವೆ. ಮುಖ, ಕೂದಲು ಮುಟ್ಟಿಕೊಳ್ಳುವಾಗ ಚರ್ಮದ ಜಿಡ್ಡು ಬೆರಳಿಗೆ ಹತ್ತುತ್ತದೆ. ಅದರಲ್ಲಿ ಕೊಬ್ಬಿನಾಮ್ಲಗಳು, ಸ್ಕ್ವಾಲೀನ್, ಮೇಣದಂಥ ವಸ್ತುಗಳಿವೆ.

ಮುಂದಿನ ಉತ್ತರಗಳೆಲ್ಲ ಈ ಎರಡು ಪಾಲುಗಳ ಮೇಲೆ ನಿಂತಿವೆ. ನೀರಿನಲ್ಲಿ ಕರಗುವ ಪಾಲು ಒಂದು, ಕರಗದ ಪಾಲು ಇನ್ನೊಂದು. ವಸ್ತುವಿಗೆ ಏನಾಗಿದೆ ಎಂದು ತಿಳಿದರೆ ಯಾವ ಪಾಲು ಉಳಿದಿರಬಹುದು ಎಂದು ಊಹಿಸಬಹುದು, ಆ ಪಾಲನ್ನು ಹಿಡಿಯುವ ವಿಧಾನವನ್ನು ಆರಿಸಬಹುದು. ಚಿಕ್ಕ ಮಕ್ಕಳ ಬೆರಳಚ್ಚಿನಲ್ಲಿ ಬೇಗ ಆವಿಯಾಗುವ ಕೊಬ್ಬಿನಾಮ್ಲಗಳೇ ಹೆಚ್ಚು. ದೊಡ್ಡವರ ಗುರುತಿಗಿಂತ ಅವರ ಗುರುತು ಬೇಗ ಮಾಯವಾಗುತ್ತದೆ. ಮಗು ಕಾಣೆಯಾದ ಪ್ರಕರಣದಲ್ಲಿ ತನಿಖೆಗೆ ಅವಸರವಿರಲು ಇದೂ ಒಂದು ಕಾರಣ.

ಯಾವುದನ್ನು ಕಷ್ಟದ ಮೇಲ್ಮೈ ಎನ್ನಬೇಕು?

ಕಷ್ಟ ಎರಡು ಬಗೆಯದು. ಮೇಲ್ಮೈಯೇ ತೊಡಕಿನದಾಗಿರಬಹುದು: ಒರಟು ಕಲ್ಲು, ಬಟ್ಟೆ, ಚರ್ಮ, ಅಂಟು, ಕಾಡತೂಸಿನಂಥ ಪುಟ್ಟ ಬಾಗಿದ ಲೋಹ. ಇಲ್ಲವೇ ಸಾಮಾನ್ಯ ಮೇಲ್ಮೈಯ ಮೇಲೆ ನೀರು, ಎಣ್ಣೆ, ರಕ್ತ, ಮಸಿ, ಧೂಳು ಕೂತಿರಬಹುದು. ಮೇಲ್ಮೈ ದ್ರವವನ್ನು ಹೀರುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಕಾಗದ, ಬಣ್ಣ ಬಳಿಯದ ಮರ ಹೀರುತ್ತವೆ. ಗಾಜು, ಪ್ಲಾಸ್ಟಿಕ್ ಹೀರುವುದಿಲ್ಲ. ಮೆರುಗು ಲೇಪಿಸಿದ ಕಾಗದ, ಬಣ್ಣ ಬಳಿದ ಮರ ನಡುವಿನವು. ಹೆಚ್ಚು ಎಡವುವುದು ಇವುಗಳ ವಿಷಯದಲ್ಲೇ.

ನೇರವಾಗಿ ಪುಡಿ ಹಾಕಿ ಬ್ರಷ್ ಆಡಿಸಿದರೆ ಸಾಲದೇ?

ಸಾಲದು. ಒದ್ದೆ ಅಥವಾ ಜಿಡ್ಡಿನ ಮೇಲ್ಮೈಯಲ್ಲಿ ಪುಡಿ ಎಲ್ಲೆಡೆ ಮೆತ್ತಿಕೊಂಡು ಗೆರೆಗಳನ್ನು ಮುಚ್ಚಿಹಾಕುತ್ತದೆ. ಒಣ ರಕ್ತದ ಮೇಲೆ ಬ್ರಷ್ ಉಜ್ಜಿದರೆ ಪದರವೇ ಚೂರಾಗಿ ಉದುರಬಹುದು.

ಮೊದಲು ಮಾಡಬೇಕಾದ್ದು ನೋಡುವುದು. ಕೋಣೆಯನ್ನು ಕತ್ತಲು ಮಾಡಿ ಟಾರ್ಚನ್ನು ಮೇಲ್ಮೈಗೆ ತೀರಾ ಓರೆಯಾಗಿ ಹಿಡಿದರೆ ಎಷ್ಟೋ ಗುರುತುಗಳು ತಾವಾಗಿ ಕಾಣುತ್ತವೆ. ಆಮೇಲೆ ಬೇರೆ ಬೇರೆ ಬಣ್ಣದ ತೀವ್ರ ಬೆಳಕು ಬಿಟ್ಟು, ತಕ್ಕ ಫಿಲ್ಟರ್ ಹಾಕಿಕೊಂಡು, ಏನಾದರೂ ಹೊಳೆಯುತ್ತದೆಯೇ ಎಂದು ಹುಡುಕಬೇಕು. ಕೆಲವು ಬಗೆಯ ಎಣ್ಣೆ, ಬಣ್ಣ, ಸೌಂದರ್ಯವರ್ಧಕಗಳು ತಾವೇ ಹೊಳೆಯುತ್ತವೆ. ಅಂಥ ಕಡೆ ಕೊಳೆಯೇ ಬೆರಳಚ್ಚನ್ನು ತೋರಿಸಿಕೊಡುತ್ತದೆ. ಕಂಡದ್ದನ್ನೆಲ್ಲ ಅಳತೆಪಟ್ಟಿ ಇಟ್ಟು ಫೋಟೊ ತೆಗೆದ ಮೇಲೆಯೇ ರಾಸಾಯನಿಕದ ಮಾತು. ಬೆಳಕಿನಿಂದ ಗುರುತು ಕೆಡುವುದಿಲ್ಲ, ಪುಡಿ ಮತ್ತು ದ್ರಾವಣ ಒಮ್ಮೆ ತಾಗಿದರೆ ಹಿಂದಿನ ಸ್ಥಿತಿ ಮರಳುವುದಿಲ್ಲ. ಬೆಳಕಿನಲ್ಲೂ ಒಂದು ಎಚ್ಚರಿಕೆ ಬೇಕು. ಕಿರುತರಂಗದ ನೇರಳಾತೀತ ಕಿರಣವನ್ನು ಬಹಳ ಹೊತ್ತು ಬಿಟ್ಟರೆ ಅಲ್ಲಿರುವ ಡಿಎನ್‌ಎ ಹಾಳಾಗುತ್ತದೆ.

ನೀರಿನಲ್ಲಿ ಬಿದ್ದಿದ್ದ ಚಾಕು, ಬಾಟಲಿಗಳಿಂದ ಬೆರಳಚ್ಚು ಸಿಗುತ್ತದೆಯೇ?

ಸಿಗಬಹುದು. ಉಪ್ಪು, ಅಮೈನೊ ಆಮ್ಲಗಳು ತೊಳೆದುಹೋಗಿರುತ್ತವೆ, ಜಿಡ್ಡಿನ ಪಾಲು ಅಂಟಿಕೊಂಡಿರುತ್ತದೆ. ನಿಂತ ನೀರು, ಹರಿಯುವ ನೀರು, ಕೆಸರು ಇವುಗಳ ಪರಿಣಾಮ ಬೇರೆ ಬೇರೆ. ಮರಳು ಉಜ್ಜಿದ್ದರೆ ಆಸೆ ಕಡಿಮೆ.

ವಸ್ತು ಇನ್ನೂ ಒದ್ದೆಯಾಗಿರುವಾಗಲೇ ಬಳಸಬಹುದಾದ ವಿಧಾನವೊಂದಿದೆ. ಮಾಲಿಬ್ಡಿನಮ್ ಡೈಸಲ್ಫೈಡ್‌ನ ನುಣುಪಾದ ಕಣಗಳನ್ನು ಮಾರ್ಜಕ ಬೆರೆಸಿದ ನೀರಿನಲ್ಲಿ ಕಲಕಿ ಸಿಂಪಡಿಸುತ್ತಾರೆ, ಇಲ್ಲವೇ ವಸ್ತುವನ್ನೇ ಅದರಲ್ಲಿ ಮುಳುಗಿಸುತ್ತಾರೆ. ಕಣಗಳು ಜಿಡ್ಡಿಗೆ ಅಂಟಿ ಗೆರೆಗಳು ಬೂದುಬಣ್ಣದಲ್ಲಿ ಮೂಡುತ್ತವೆ. ಉಳಿದದ್ದನ್ನು ಮೆಲ್ಲಗೆ ನೀರು ಹರಿಸಿ ತೊಳೆಯುತ್ತಾರೆ. ಕಬ್ಬಿಣದ ಆಕ್ಸೈಡ್ ಪುಡಿಯನ್ನು ಮಾರ್ಜಕದಲ್ಲಿ ಕಲಸಿ ಹಚ್ಚುವ ವಿಧಾನವೂ ನೆನೆದ ವಸ್ತುಗಳಿಗೆ ಒಗ್ಗುತ್ತದೆ.

ಒಣಗಿಸಬೇಕಾದರೆ ಕೋಣೆಯ ಗಾಳಿಗೆ ಬಿಟ್ಟುಬಿಡಿ. ಬಟ್ಟೆಯಿಂದ ಒರೆಸುವುದು, ಬಿಸಿಗಾಳಿ ಊದುವುದು ಎರಡೂ ಬೇಡ. ಒಣಗಿದ ಮೇಲೆ ಸೂಪರ್ ಗ್ಲೂ ಹೊಗೆ ಕೊಡಬಹುದು, ಆದರೆ ನೆನೆದ ಗುರುತಿಗೆ ಅದು ಅಷ್ಟಾಗಿ ಹಿಡಿಯುವುದಿಲ್ಲ.

ಅದೇಕೆ? ಸೂಪರ್ ಗ್ಲೂ ಹೊಗೆ ಹೇಗೆ ಕೆಲಸ ಮಾಡುತ್ತದೆ?

ಸೂಪರ್ ಗ್ಲೂ ಎಂದರೆ ಸಯನೋಆಕ್ರಿಲೇಟ್. ಬಿಸಿ ಮಾಡಿದಾಗ ಏಳುವ ಆವಿ ಬೆರಳಚ್ಚಿನ ತೇವ ಮತ್ತು ಲವಣಗಳ ಮೇಲೆ ಕೂತು, ಬಿಳಿಯ ಗಟ್ಟಿ ಪಾಲಿಮರ್ ಆಗಿ ಬೆಳೆಯುತ್ತದೆ. 1970ರ ದಶಕದ ಕೊನೆಯಲ್ಲಿ ಜಪಾನಿನ ಪೊಲೀಸ್ ಪ್ರಯೋಗಾಲಯದಲ್ಲಿ ಇದು ಗಮನಕ್ಕೆ ಬಂತು. ಪೆಟ್ಟಿಗೆಯೊಳಗೆ ತೇವಾಂಶವನ್ನು ಸುಮಾರು 80 ಶೇಕಡಾದಲ್ಲಿ ಇಟ್ಟರೆ ಫಲಿತಾಂಶ ಚೆನ್ನಾಗಿರುತ್ತದೆ. ನೀರಿನಲ್ಲಿ ಲವಣ ಕರಗಿಹೋದ ಗುರುತಿನಲ್ಲಿ ಪಾಲಿಮರ್ ಬೆಳೆಯಲು ಆಸರೆ ಕಡಿಮೆ. ಪೂರ್ತಿ ಒಣಗಿದ ಹಳೆಯ ಗುರುತಿನದೂ ಇದೇ ಪಾಡು. ಮಸುಕಾಗಿ ಬಂದರೆ ಬೇಸಿಕ್ ಯೆಲ್ಲೊ 40 ಅಥವಾ ರೋಡಮೀನ್ 6ಜಿ ಬಣ್ಣ ಹಚ್ಚಿ, ತಕ್ಕ ಬೆಳಕಿನಲ್ಲಿ ಹೊಳೆಯುವಂತೆ ಮಾಡುತ್ತಾರೆ.

ನೆನೆದ ಕಾಗದ?

ಒಣ ಕಾಗದದಲ್ಲಿ ಅಮೈನೊ ಆಮ್ಲಗಳು ನಾರಿಗೆ ಬಿಗಿಯಾಗಿ ಅಂಟಿ ವರ್ಷಗಟ್ಟಲೆ ಉಳಿಯುತ್ತವೆ. 1954ರಿಂದ ಬೆರಳಚ್ಚಿಗೆ ಬಳಕೆಗೆ ಬಂದ ನಿನ್‌ಹೈಡ್ರಿನ್ ಅವುಗಳೊಂದಿಗೆ ಸೇರಿ ನೇರಳೆ ಬಣ್ಣ ಕೊಡುತ್ತದೆ. ಇಂಡೇನ್‌ಡಯೋನ್ ಹಸಿರು ಬೆಳಕಿನಲ್ಲಿ ಹೊಳೆಯುವ ಗುರುತು ಕೊಡುತ್ತದೆ. ಕಾಗದ ಒಮ್ಮೆ ನೆನೆದರೆ ಇವೆರಡಕ್ಕೂ ಕೆಲಸವಿಲ್ಲ.

ಆಗ ಎರಡು ದಾರಿಗಳಿವೆ. ಒಂದು ಆಯಿಲ್ ರೆಡ್ ಓ ಎಂಬ ಕೆಂಪು ಬಣ್ಣ. ಕೊಬ್ಬನ್ನು ಬಣ್ಣಗೊಳಿಸುವ ಇದನ್ನು ನೆನೆದ ಕಾಗದಕ್ಕೆ ಬಳಸುವ ಕ್ರಮವನ್ನು ಕೆನಡಾದ ಅಲೆಕ್ಸಾಂಡ್ರ್ ಬೋದ್ವಾಂ 2004ರಲ್ಲಿ ಪ್ರಕಟಿಸಿದರು. ಇನ್ನೊಂದು ಬೆಳ್ಳಿಯ ದ್ರಾವಣದ ಫಿಸಿಕಲ್ ಡೆವಲಪರ್. ಕರಗದ ಪಾಲಿನ ಮೇಲೆ ಬೆಳ್ಳಿಯ ಸೂಕ್ಷ್ಮ ಕಣಗಳು ಕೂತು ಗೆರೆಗಳು ಬೂದುಬಣ್ಣಕ್ಕೆ ತಿರುಗುತ್ತವೆ. ಕಾಗದದಲ್ಲಿ ಭರ್ತಿಗೆಂದು ಸೇರಿಸಿದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಮೊದಲು ಆಮ್ಲದಲ್ಲಿ ತೊಳೆದು ತೆಗೆಯಲೇಬೇಕು, ಇಲ್ಲದಿದ್ದರೆ ಇಡೀ ಹಾಳೆ ಕಪ್ಪಾಗುತ್ತದೆ. ಪಾತ್ರೆಗಳ ಶುಚಿ, ಭಟ್ಟಿ ಇಳಿಸಿದ ನೀರು, ತಾಳ್ಮೆ ಎಲ್ಲ ಬೇಡುವ ಕೆಲಸವಿದು. ಹಾಗಾಗಿ ಹಲವರು ಇದನ್ನು ಕೈಬಿಡುತ್ತಾರೆ. ಬಿಡಬಾರದೆಂದು ನನ್ನ ಖಚಿತ ಅಭಿಪ್ರಾಯ. ಬೇರೆಲ್ಲ ಸೋತ ಹಾಳೆಯಲ್ಲೂ, ಮೊದಲೇ ನಿನ್‌ಹೈಡ್ರಿನ್ ಹಚ್ಚಿದ ಹಾಳೆಯಲ್ಲೂ ಇದು ಹೊಸ ಗುರುತು ತೋರಿಸಬಲ್ಲದು. ಕ್ರಮದಲ್ಲಿ ಮಾತ್ರ ಇದು ಕೊನೆಗೇ ಬರಬೇಕು.

ರಕ್ತ ಮೆತ್ತಿದ ಬೆರಳಚ್ಚನ್ನು ಹೇಗೆ ನಿರ್ವಹಿಸಬೇಕು?

ಬೆರಳಚ್ಚಿನ ಇತಿಹಾಸದ ಮೊದಲ ದೊಡ್ಡ ಪ್ರಕರಣವೇ ರಕ್ತದ್ದು. 1892ರಲ್ಲಿ ಅರ್ಜೆಂಟೀನಾದ ನೆಕೋಚಿಯಾದಲ್ಲಿ ಇಬ್ಬರು ಮಕ್ಕಳ ಕೊಲೆಯಾಯಿತು. ತನಿಖಾಧಿಕಾರಿ ಅಲ್ವಾರೆಸ್ ಬಾಗಿಲಿನಲ್ಲಿ ಕಂಡ ರಕ್ತದ ಹೆಬ್ಬೆರಳ ಗುರುತನ್ನು ಮರದ ತುಂಡಿನ ಸಮೇತ ಕತ್ತರಿಸಿ ತಂದರು. ಹುವಾನ್ ವುಸೆಟಿಚ್ ರೂಪಿಸಿದ್ದ ಪದ್ಧತಿಯಂತೆ ಹೋಲಿಸಿದಾಗ ಅದು ಮಕ್ಕಳ ತಾಯಿ ಫ್ರಾನ್ಸಿಸ್ಕಾ ರೋಹಾಸ್‌ಳದೆಂದು ತಿಳಿಯಿತು. ಗುರುತನ್ನು ಸ್ಥಳದಲ್ಲೇ ಕೆದಕದೆ ಮೇಲ್ಮೈಯನ್ನೇ ಹೊತ್ತು ತಂದ ಆ ನಡೆ ಇಂದಿಗೂ ಮೆಚ್ಚಬೇಕಾದ್ದು.

ಈಗಿನ ಕ್ರಮ ಹೀಗೆ. ಮೊದಲು ಫೋಟೊ. ರಕ್ತವು ಸುಮಾರು 415 ನ್ಯಾನೊಮೀಟರಿನ ನೇರಳೆ ಬೆಳಕನ್ನು ಬಲವಾಗಿ ಹೀರುತ್ತದೆ. ಆ ಬೆಳಕಿನಲ್ಲಿ ಹಿನ್ನೆಲೆ ಹೊಳೆಯುತ್ತಿದ್ದರೆ ರಕ್ತದ ಗೆರೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಏನನ್ನೂ ಹಚ್ಚದೆ ಸಿಗುವ ಫಲ ಇದು. ಆಮೇಲೆ ಗೆರೆಗಳಿಲ್ಲದ ಭಾಗದಿಂದ ಡಿಎನ್‌ಎ ಮಾದರಿ. ಅದಾದ ಮೇಲೆ 5-ಸಲ್ಫೊಸ್ಯಾಲಿಸಿಲಿಕ್ ಆಮ್ಲದಿಂದ ರಕ್ತದ ಪ್ರೋಟೀನನ್ನು ಗಟ್ಟಿಗೊಳಿಸಬೇಕು. ಈ ಹೆಜ್ಜೆ ತಪ್ಪಿಸಿದರೆ ಬಣ್ಣದ ದ್ರಾವಣದಲ್ಲೇ ರಕ್ತ ಕರಗಿ ಗೆರೆಗಳು ಹರಿದುಹೋಗುತ್ತವೆ. ಕೊನೆಗೆ ಪ್ರೋಟೀನಿಗೆ ಹಿಡಿಯುವ ಬಣ್ಣಗಳು: ತಿಳಿ ಮೇಲ್ಮೈಗೆ ಆಸಿಡ್ ಬ್ಲ್ಯಾಕ್ 1 ಅಥವಾ ಆಸಿಡ್ ವಯೊಲೆಟ್ 17, ಹೀರದ ಗಾಢ ಮೇಲ್ಮೈಗೆ ನೀಲಿ ಬೆಳಕಿನಲ್ಲಿ ಹೊಳೆಯುವ ಆಸಿಡ್ ಯೆಲ್ಲೊ 7. ಇವಕ್ಕಿಂತ ಮೊದಲೇ ಸೂಪರ್ ಗ್ಲೂ ಹೊಗೆ ಕೊಟ್ಟರೆ ಬಣ್ಣ ಸರಿಯಾಗಿ ಹಿಡಿಯದಿರುವ ಅಪಾಯವಿದೆ.

ಇಷ್ಟಾದರೂ ಇವು ಪ್ರೋಟೀನ್ ಇದೆ ಎಂದಷ್ಟೇ ಹೇಳುತ್ತವೆ. ರಕ್ತ ಎಂದು ದೃಢಪಡಿಸಲು ಬೇರೆ ಪರೀಕ್ಷೆ ಬೇಕು.

ರಕ್ತದಲ್ಲಿ ಗುರುತಿದೆ ಎಂದರೆ ಆತನೇ ಕೊಲೆಗಾರ ಎನ್ನಬಹುದೇ?

ನ್ಯಾಯಾಲಯದಲ್ಲಿ ಹೆಚ್ಚು ವಾದ ನಡೆಯಬೇಕಾದ ಪ್ರಶ್ನೆ ಇದು. ರಕ್ತದ ಬೆರಳಚ್ಚು ಮೂರು ಬಗೆಯಲ್ಲಿ ಮೂಡಬಹುದು. ರಕ್ತವಾದ ಬೆರಳು ಶುಚಿಯಾದ ಮೇಲ್ಮೈಯನ್ನು ಮುಟ್ಟಿರಬಹುದು. ಶುಚಿಯಾದ ಬೆರಳು ಹಸಿ ರಕ್ತವನ್ನು ಒತ್ತಿರಬಹುದು. ಮೊದಲೇ ಇದ್ದ ಹಳೆಯ ಬೆರಳಚ್ಚಿನ ಮೇಲೆ ಆಮೇಲೆ ರಕ್ತ ಹರಿದಿರಲೂಬಹುದು. ಮೂರನೆಯದರಲ್ಲಿ ಆ ವ್ಯಕ್ತಿ ಹಿಂದೆಂದೋ ಅಲ್ಲಿಗೆ ಬಂದಿದ್ದ ಎಂದಷ್ಟೇ ಅರ್ಥ.

ಇನ್ನೊಂದು ತೊಡಕೂ ಇದೆ. ಬೆರಳನ್ನು ಬಲವಾಗಿ ಒತ್ತಿದಾಗ ರಕ್ತ ಗೆರೆಗಳ ಮೇಲಿಂದ ಸರಿದು ನಡುವಿನ ತಗ್ಗುಗಳಿಗೆ ನುಗ್ಗುತ್ತದೆ. ಆಗ ಗೆರೆ ಬಿಳಿ, ತಗ್ಗು ಕಪ್ಪು. ಒಂದೇ ಗುರುತಿನ ಒಂದು ಭಾಗ ಸರಿಯಾಗಿದ್ದು ಇನ್ನೊಂದು ಭಾಗ ಹೀಗೆ ತಿರುವುಮುರುವಾಗಿರುವುದೂ ಉಂಟು. ಇದನ್ನು ಗಮನಿಸದೆ ಹೋಲಿಸಿದರೆ ಗೆರೆ ಕವಲೊಡೆಯುವ ಜಾಗ, ನಿಲ್ಲುವ ಜಾಗಗಳೆಲ್ಲ ಅದಲುಬದಲಾಗುತ್ತವೆ.

ಲುಮಿನಾಲ್ ಸಿಂಪಡಿಸಬಹುದೇ?

ರಕ್ತ ತಾಗಿದ ಕಡೆ ಕತ್ತಲಲ್ಲಿ ಹೊಳೆಯುವ ರಾಸಾಯನಿಕ ಇದು. ರಕ್ತ ಎಲ್ಲಿದೆ ಎಂದು ಹುಡುಕಲು ಸರಿ. ಗೆರೆಗಳು ಬೇಕಿದ್ದರೆ ಬೇಡ. ತುಂತುರು ಬಿದ್ದ ಕಡೆ ರಕ್ತ ಹರಡಿ ಗೆರೆಗಳು ಕಲಸಿಹೋಗುತ್ತವೆ.

ಎಣ್ಣೆ, ಗ್ರೀಸ್ ಮೆತ್ತಿದ ವಸ್ತುಗಳಿಗೆ?

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು: ಜಿಡ್ಡು ಬೆರಳಿನಿಂದ ಮೇಲ್ಮೈಗೆ ಬಂದದ್ದೋ, ಮೇಲ್ಮೈಯಲ್ಲೇ ಇದ್ದದ್ದೋ? ಬೆರಳಿಗೆ ಎಣ್ಣೆಯಾಗಿ ಅದು ಶುಚಿಯಾದ ಮೇಲ್ಮೈಗೆ ತಾಗಿದ್ದರೆ ಸುಡಾನ್ ಬ್ಲ್ಯಾಕ್ ಎಂಬ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ತಂಪು ಪಾನೀಯ ಒಣಗಿ ಅಂಟಂಟಾದ ಕ್ಯಾನಿಗೂ ಅದನ್ನೇ ಬಳಸುತ್ತಾರೆ. ಮೇಲ್ಮೈಯೆಲ್ಲ ಎಣ್ಣೆಯಾಗಿದ್ದು ಬೆರಳು ಅದರಲ್ಲಿ ಒತ್ತಿದ್ದರೆ ಬಣ್ಣ ಎಲ್ಲೆಡೆ ಹಿಡಿದು ಪ್ರಯೋಜನವಿಲ್ಲ. ಓರೆ ಬೆಳಕಿನ ಫೋಟೊವೇ ಗತಿ. ಮೇಣ, ಪುಟ್ಟಿ, ಸಾಬೂನಿನಂಥ ಮೆದು ವಸ್ತುವಿನಲ್ಲಿ ಒತ್ತಿ ಮೂಡಿದ ಗುರುತಿಗೂ ಮೊದಲು ಓರೆ ಬೆಳಕಿನ ಫೋಟೊ, ಆಮೇಲೆ ಸಿಲಿಕೋನ್ ಅಚ್ಚು.

ಬೆಂಕಿಯಲ್ಲಿ ಬೆಂದ ವಸ್ತುವಿನಲ್ಲೂ ಬೆರಳಚ್ಚು ಉಳಿದೀತೇ?

ಬಹಳ ಮಂದಿ ನೋಡುವ ಮೊದಲೇ ಕೈಬಿಡುವ ಸಾಕ್ಷ್ಯ ಇದು. ಬೆಂಕಿಯಲ್ಲಿ ಎಲ್ಲ ಭಾಗಕ್ಕೂ ಒಂದೇ ಶಾಖ ತಾಗುವುದಿಲ್ಲ. ಗೋಡೆಗೆ ಒರಗಿದ್ದ ಬದಿ, ನೆಲಕ್ಕೆ ತಾಗಿದ್ದ ತಳ, ಒಂದರ ಮೇಲೊಂದು ಬಿದ್ದ ವಸ್ತುಗಳ ನಡುವಿನ ಜಾಗಗಳನ್ನು ಮೊದಲು ನೋಡಬೇಕು. ಮಸಿ ಕೆಲವೊಮ್ಮೆ ಹೊದಿಕೆಯಾಗಿ ಗುರುತನ್ನು ಕಾಪಾಡುತ್ತದೆ, ಕೆಲವೊಮ್ಮೆ ತಾನೇ ಪುಡಿಯಂತೆ ಗೆರೆಗಳಿಗೆ ಹಿಡಿದು ಅವನ್ನು ತೋರಿಸುತ್ತದೆ. ಹಾಗಾಗಿ ಮಸಿ ತೆಗೆಯುವ ಮೊದಲು ಅದರಲ್ಲೇ ಗುರುತಿದೆಯೇ ಎಂದು ನೋಡಲೇಬೇಕು. ಆಮೇಲೆ ಮೃದುವಾದ ವಿಧಾನದಿಂದ ಶುರುಮಾಡಿ, ಅಂಟುಪಟ್ಟಿಯಿಂದ ಎತ್ತುವುದು, ದ್ರವ ಲೇಟೆಕ್ಸ್ ಬಳಿದು ಒಣಗಿದ ಮೇಲೆ ಸುಲಿಯುವುದು, ಸೋಡಿಯಂ ಹೈಡ್ರಾಕ್ಸೈಡಿನ ತೆಳು ದ್ರಾವಣದಲ್ಲಿ ತೊಳೆಯುವುದು ಹೀಗೆ ಒಂದೊಂದಾಗಿ ಮುಂದುವರಿಯುತ್ತಾರೆ. ಬೆಂಕಿ ಆರಿಸಿದ ನೀರು ಬಿದ್ದಿರುವುದರಿಂದ ನೆನೆದ ವಸ್ತುವಿನ ನಿಯಮಗಳೂ ಸೇರಿಕೊಳ್ಳುತ್ತವೆ. ಶಾಖ ತಾಗಿದ ಕಾಗದವಾದರೆ, ಹಾಳೆ ಕರಕಲಾಗುವ ಮೊದಲೇ ಬೆರಳಚ್ಚಿನ ಜಾಗ ಹೊಳಪು ಪಡೆದು ಆಮೇಲೆ ಕಂದಾಗುತ್ತದೆ. ಆ ಹಂತದಲ್ಲಿ ಸಿಕ್ಕ ಹಾಳೆಗೆ ಬರೀ ಬೆಳಕು ಬಿಟ್ಟು ನೋಡಿದರೂ ಗುರುತು ಕಾಣಬಹುದು.

ಅಂಟುಪಟ್ಟಿಯ ಅಂಟಿನ ಬದಿಯಿಂದ?

ಅಂಟುಪಟ್ಟಿಯನ್ನು ಕೈಗವಸು ಹಾಕಿಕೊಂಡು ಕತ್ತರಿಸುವುದು, ಅಂಟಿಸುವುದು ಕಷ್ಟ. ಅದಕ್ಕೇ ಅಂಟಿನ ಬದಿಯಲ್ಲಿ ಬೆರಳಚ್ಚು ಸಿಗುವ ಸಂಭವ ಹೆಚ್ಚು. ಮುದ್ದೆಯಾಗಿದ್ದರೆ ಎಳೆದು ಬಿಡಿಸಬೇಡಿ. ತಣ್ಣಗೆ ಹೆಪ್ಪುಗಟ್ಟಿಸಿ ಅಥವಾ ಅಂಟು ಸಡಿಲಿಸುವ ದ್ರಾವಕ ತೊಟ್ಟಿಕ್ಕಿಸುತ್ತಾ ಬಿಡಿಸುತ್ತಾರೆ. ಅಂಟಿಗೆ ಹಿಡಿದ ಕೂದಲು, ನೂಲಿನ ಎಳೆಗಳನ್ನು ಮೊದಲು ತೆಗೆದಿಡಬೇಕು. ಹರಿದ ತುದಿಯನ್ನು ಹಾಗೇ ಕಾಪಾಡಬೇಕು, ಅದನ್ನು ಸುರುಳಿಯ ತುದಿಗೆ ಹೊಂದಿಸಿ ನೋಡುವ ಸಂದರ್ಭ ಬರಬಹುದು. ಆಮೇಲೆ ಮಾರ್ಜಕದಲ್ಲಿ ಕಲಸಿದ ಪುಡಿಯನ್ನು ಹಚ್ಚಿ ತೊಳೆಯುತ್ತಾರೆ: ತಿಳಿ ಬಣ್ಣದ ಪಟ್ಟಿಗೆ ಕಾರ್ಬನ್ ಕಪ್ಪು, ಕಪ್ಪು ಪಟ್ಟಿಗೆ ಟೈಟಾನಿಯಂ ಡೈಆಕ್ಸೈಡಿನ ಬಿಳಿ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಜೆನ್ಷಿಯನ್ ವಯೊಲೆಟ್ ಈಗಲೂ ಉಪಯುಕ್ತ, ಆದರೆ ವಿಷಕಾರಿ.

ತೆಳು ಪ್ಲಾಸ್ಟಿಕ್ ಚೀಲಗಳಿಗೆ ಚಿನ್ನ ಬಳಸುತ್ತಾರಂತೆ, ನಿಜವೇ?

ನಿಜ. ನಿರ್ವಾತ ಕೊಠಡಿಯಲ್ಲಿ ಅತ್ಯಲ್ಪ ಚಿನ್ನವನ್ನು ಆವಿಯಾಗಿಸುತ್ತಾರೆ. ಅದು ಚೀಲದ ಮೇಲೆಲ್ಲ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂರುತ್ತದೆ, ಬೆರಳಚ್ಚಿನ ಜಿಡ್ಡಿರುವ ಕಡೆ ಮಾತ್ರ ಒಳಗೆ ಹುದುಗಿಹೋಗುತ್ತದೆ. ಆಮೇಲೆ ಸತುವನ್ನು ಆವಿಯಾಗಿಸಿದರೆ ಅದು ತೆರೆದ ಚಿನ್ನ ಇರುವ ಕಡೆ ಮಾತ್ರ ಹಿಡಿಯುತ್ತದೆ. ಹಿನ್ನೆಲೆ ಬೂದು ಲೋಹದ ಬಣ್ಣವಾಗಿ, ಗೆರೆಗಳು ಖಾಲಿ ಉಳಿಯುತ್ತವೆ. ನೀರಿನಲ್ಲಿ ನೆನೆದಿದ್ದ ಚೀಲಕ್ಕೂ ಇದು ನಡೆಯುತ್ತದೆ. ಯಂತ್ರ ದುಬಾರಿ, ಎಲ್ಲ ಪ್ರಯೋಗಾಲಯಗಳಲ್ಲೂ ಇರುವುದಿಲ್ಲ.

ಹಾರಿಸಿದ ಕಾಡತೂಸಿನ ಕೋಶದಿಂದ?

ಇದು ಅತಿ ಕಷ್ಟದ ಸಾಲಿನದು. ಕೋಶ ಚಿಕ್ಕದು, ಬಾಗಿದ್ದು. ತುಂಬುವಾಗ ಉಜ್ಜುತ್ತದೆ, ಹಾರುವಾಗ ಬಿಸಿ ಅನಿಲ ಸವರಿಹೋಗುತ್ತದೆ. ಆದರೂ ಬೆವರಿನ ಲವಣ ಹಿತ್ತಾಳೆಯನ್ನು ತುಸುವಾಗಿ ತಿಂದಿರುತ್ತದೆ. ಆ ಸವೆತದಿಂದಲೇ ಗುರುತು ಕಾಣುವಂತೆ ಮಾಡುವ ದಾರಿಯನ್ನು ಬ್ರಿಟನ್ನಿನ ನಾರ್ಥಾಂಪ್ಟನ್‌ಶೈರ್ ಪೊಲೀಸ್ ವಿಭಾಗದ ವಿಜ್ಞಾನಿ ಜಾನ್ ಬಾಂಡ್ 2008ರ ಹೊತ್ತಿಗೆ ತೋರಿಸಿದರು. ಬೆವರು ಒರೆಸಿಹೋದರೂ ಲೋಹದ ಮೇಲಿನ ಬದಲಾವಣೆ ಉಳಿದಿರುತ್ತದೆ. ಸೂಪರ್ ಗ್ಲೂ ಹೊಗೆಯ ನಂತರ ಗನ್ ಬ್ಲೂಯಿಂಗ್ ದ್ರಾವಣ ಬಳಸುವುದು ಇನ್ನೊಂದು ದಾರಿ. ಅದು ಬರಿಯ ಲೋಹವನ್ನು ಕಪ್ಪಾಗಿಸಿ ಗೆರೆಗಳನ್ನು ಬಿಡುತ್ತದೆ. ಇಲ್ಲಿ ಸಿಗುವ ಗುರುತು ಸಾಮಾನ್ಯವಾಗಿ ಗುಂಡು ತುಂಬಿದವನದು, ಹಾರಿಸಿದವನು ಬೇರೆಯವನಿರಬಹುದು.

ಬಟ್ಟೆ, ಮನುಷ್ಯನ ಚರ್ಮ?

ರೇಷ್ಮೆ, ನೈಲಾನಿನಂಥ ನಯವಾದ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಚಿನ್ನ ಮತ್ತು ಸತುವಿನ ವಿಧಾನದಿಂದ ಕೆಲವೊಮ್ಮೆ ಗೆರೆಗಳು ಸಿಕ್ಕಿವೆ. ಗೆರೆ ಸಿಗದಿದ್ದರೂ ಎಲ್ಲಿ ಹಿಡಿದಿದ್ದರು ಎಂದು ತಿಳಿದರೆ ಡಿಎನ್‌ಎ ಮಾದರಿಯನ್ನು ಆ ಜಾಗದಿಂದಲೇ ತೆಗೆಯಬಹುದು. ಚರ್ಮದ ವಿಷಯದಲ್ಲಿ ಹಿನ್ನೆಲೆಯಲ್ಲೂ ಅದೇ ಬೆವರು, ಅದೇ ಜಿಡ್ಡು. ಯಶಸ್ಸು ವಿರಳ.

ಬಿಲ್ಲು ಮುದ್ರಿಸುವ ಥರ್ಮಲ್ ಕಾಗದ?

ಸಾಮಾನ್ಯ ನಿನ್‌ಹೈಡ್ರಿನ್ ದ್ರಾವಣವೂ ಬಿಸಿಯೂ ಇದನ್ನು ಪೂರ್ತಿ ಕಪ್ಪಾಗಿಸುತ್ತವೆ. ಮೊದಲು ಮುದ್ರಣದ ಫೋಟೊ ತೆಗೆದುಕೊಂಡು, ಬಣ್ಣದ ಪದರವನ್ನು ದ್ರಾವಕದಲ್ಲಿ ತೊಳೆದು ಮುಂದುವರಿಯಬೇಕು, ಇಲ್ಲವೇ ಇದಕ್ಕೆಂದೇ ಇರುವ ಸೂತ್ರಗಳನ್ನು ಬಳಸಬೇಕು.

ಒಂದೇ ಗುರುತಿನಿಂದ ಬೆರಳಚ್ಚೂ ಡಿಎನ್‌ಎಯೂ ಸಿಗುತ್ತದೆಯೇ?

ಮುಟ್ಟಿದ ವಸ್ತುವಿನಿಂದ ಡಿಎನ್‌ಎ ಸಿಗುತ್ತದೆಂದು ಆಸ್ಟ್ರೇಲಿಯಾದ ವಾನ್ ಊರ್ಶಾಟ್ ಮತ್ತು ಜೋನ್ಸ್ 1997ರಲ್ಲಿ ತೋರಿಸಿದರು. ಗೆರೆಗಳು ಸ್ಪಷ್ಟವಿದ್ದರೆ ಅಲ್ಲಿ ಹತ್ತಿ ಉಜ್ಜಬೇಡಿ, ಒರೆಸಿಹೋಗಿ ಹೋಲಿಕೆಗೆ ಬಾರದ ಭಾಗದಿಂದ ಮಾದರಿ ತೆಗೆಯಿರಿ. ಒಂದೇ ಬ್ರಷ್ಷನ್ನು ಹಲವು ಕಡೆ ಆಡಿಸಿದರೆ ಒಂದು ಜಾಗದ ಡಿಎನ್‌ಎ ಇನ್ನೊಂದಕ್ಕೆ ಹೋಗಬಲ್ಲದು. ಗಂಭೀರ ಪ್ರಕರಣಗಳಲ್ಲಿ ಬ್ರಷ್, ಪುಡಿ ಎರಡನ್ನೂ ಹೊಸದಾಗಿ ತೆರೆಯಬೇಕೆನ್ನುವುದು ಇದಕ್ಕೇ.

ಬೆರಳಚ್ಚು ಎಷ್ಟು ಹಳೆಯದೆಂದು ಹೇಳಬಹುದೇ?

ನೆಚ್ಚಬಹುದಾದ ವಿಧಾನ ಇಲ್ಲ.

ಮಸುಕಾದ ಗುರುತನ್ನು ಕಂಪ್ಯೂಟರಿನಲ್ಲಿ ತಿದ್ದಬಹುದೇ?

ಹಿನ್ನೆಲೆಯ ಪುನರಾವರ್ತಿತ ವಿನ್ಯಾಸವನ್ನು ಗಣಿತದ ಫಿಲ್ಟರಿನಿಂದ ತೆಗೆಯಬಹುದು, ಬಣ್ಣಗಳನ್ನು ಬೇರ್ಪಡಿಸಬಹುದು, ಕಾಂತಿ ಹೊಂದಿಸಬಹುದು. ಇಲ್ಲದ ಗೆರೆಯನ್ನು ಸೇರಿಸುವಂತಿಲ್ಲ. ಮೂಲ ಚಿತ್ರ ಹಾಗೇ ಉಳಿಯಬೇಕು, ಮಾಡಿದ ಪ್ರತಿ ಬದಲಾವಣೆ ದಾಖಲಾಗಬೇಕು. ಕ್ಯಾಮೆರಾ ಮೇಲ್ಮೈಗೆ ನೇರವಾಗಿರಬೇಕು. ನಿಜ ಗಾತ್ರದಲ್ಲಿ ಇಂಚಿಗೆ ಕನಿಷ್ಠ 1000 ಪಿಕ್ಸೆಲ್ ಸಿಗುವಂತೆ ಚಿತ್ರ ತೆಗೆಯುವುದು ರೂಢಿ.

ಕಷ್ಟಪಟ್ಟು ಪಡೆದ ಅಸ್ಪಷ್ಟ ಗುರುತಿನಿಂದ ತಪ್ಪು ಆಗುವುದಿಲ್ಲವೇ?

ಆಗಿದೆ. 2004ರ ಮಾರ್ಚ್ 11ರ ಮ್ಯಾಡ್ರಿಡ್ ರೈಲು ಸ್ಫೋಟಗಳ ತನಿಖೆಯಲ್ಲಿ ಡಿಟೋನೇಟರುಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಬೆರಳಚ್ಚೊಂದು ಸಿಕ್ಕಿತು. ಅಮೆರಿಕದ ಎಫ್‌ಬಿಐ ಅದನ್ನು ಒರೆಗಾನ್ ರಾಜ್ಯದ ವಕೀಲರೊಬ್ಬರದೆಂದು ಹೇಳಿತು. ಪರಿಶೀಲಿಸಿದ ತಜ್ಞರೂ ಒಪ್ಪಿದರು. ಆ ವಕೀಲರು ಸುಮಾರು ಎರಡು ವಾರ ಬಂಧನದಲ್ಲಿದ್ದರು. ಸ್ಪೇನಿನ ಪೊಲೀಸರು ಅದು ಅಲ್ಜೀರಿಯಾದ ವ್ಯಕ್ತಿಯೊಬ್ಬನದೆಂದು ಗುರುತಿಸಿದ ಮೇಲೆ ಎಫ್‌ಬಿಐ ಕ್ಷಮೆ ಕೇಳಿತು. ಮುಂದೆ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಅಸ್ಪಷ್ಟ ಗುರುತನ್ನು ಶಂಕಿತನ ಗುರುತಿನ ಪಕ್ಕ ಇಟ್ಟು ನೋಡಿದರೆ, ಇಲ್ಲದ ಹೋಲಿಕೆಯೂ ಕಾಣತೊಡಗುತ್ತದೆ. ಆದ್ದರಿಂದ ತಜ್ಞರು ಮೊದಲು ಸ್ಥಳದ ಗುರುತನ್ನಷ್ಟೇ ನೋಡಿ, ಯಾವ ಲಕ್ಷಣ ಖಚಿತ, ಯಾವುದು ಮೇಲ್ಮೈಯ ಅಥವಾ ಕೊಳೆಯ ಕಿತಾಪತಿ ಎಂದು ಬರೆದಿಡಬೇಕು. ಶಂಕಿತನ ಗುರುತನ್ನು ಅದಾದ ಮೇಲೆಯೇ ತೆರೆಯಬೇಕು. ಎರಡನೆಯ ತಜ್ಞನಿಗೆ ಮೊದಲನೆಯವನ ತೀರ್ಮಾನ ತಿಳಿದಿರಬಾರದು. ಹೋಲಿಕೆಗೆ ಸಾಲದು ಎಂದು ಬರೆಯುವ ತಜ್ಞನ ಮೇಲೆ ಯಾರೂ ಒತ್ತಡ ತರಬಾರದು.

ಪ್ರಯೋಗಾಲಯಕ್ಕೆ ಕಳಿಸುವಾಗ ಹೇಗೆ ಕಟ್ಟಬೇಕು?

ವಸ್ತು ಅಲುಗಾಡದಂತೆ, ಅದರ ಮೇಲ್ಮೈಗೆ ಏನೂ ಉಜ್ಜದಂತೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಗಿಯಬೇಕು. ಕೈಗವಸು ಹಾಕಿಕೊಂಡರೆ ನಿಮ್ಮ ಗುರುತು ಬೀಳದು, ಆದರೆ ಅಲ್ಲಿದ್ದ ಗುರುತು ಅಳಿಸಿಹೋಗಬಹುದು. ಹಾಗಾಗಿ ಯಾರೂ ಸಾಮಾನ್ಯವಾಗಿ ಹಿಡಿಯದ ಅಂಚುಗಳಲ್ಲೇ ಹಿಡಿಯಬೇಕು. ಒದ್ದೆ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಒದ್ದೆಯಾಗಿಯೇ ಒಯ್ಯಬೇಕೆಂದಿದ್ದರೆ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ, ಅಂದೇ ತಲುಪಿಸಿ. ಜೊತೆಗಿನ ಚೀಟಿಯಲ್ಲಿ ವಸ್ತು ಎಲ್ಲಿತ್ತು, ನೆನೆದಿತ್ತೇ, ಬಿಸಿ ತಾಗಿತ್ತೇ, ಸ್ಥಳದಲ್ಲಿ ಯಾವ ಪುಡಿ ಅಥವಾ ದ್ರಾವಣ ಬಳಸಿದಿರಿ ಎಂದು ಬರೆಯಿರಿ. ಪ್ರಯೋಗಾಲಯದವರು ಮೊದಲ ವಿಧಾನವನ್ನು ಆರಿಸುವುದು ಆ ಚೀಟಿ ನೋಡಿಯೇ.

ಇಷ್ಟೆಲ್ಲ ಮಾಡಿಯೂ ಏನೂ ಸಿಗದಿದ್ದರೆ?

ಆ ವ್ಯಕ್ತಿ ಮುಟ್ಟಿಲ್ಲ ಎಂದು ಅದರಿಂದ ಹೇಳಲಾಗದು. ಬೆವರು ಕಡಿಮೆ ಇರುವವರು, ಆಗಷ್ಟೇ ಕೈ ತೊಳೆದವರು ಮುಟ್ಟಿದರೂ ಗುರುತು ಬೀಳದಿರಬಹುದು, ಬಿದ್ದದ್ದು ಅಳಿದಿರಬಹುದು. ವರದಿಯಲ್ಲಿ ಯಾವ ವಿಧಾನಗಳನ್ನು ಯಾವ ಕ್ರಮದಲ್ಲಿ ಬಳಸಲಾಯಿತು, ಅದೇ ಬಗೆಯ ಬೇರೆ ಮೇಲ್ಮೈಯ ಮೇಲೆ ಬೇಕೆಂದೇ ಹಾಕಿದ ಪರೀಕ್ಷಾ ಗುರುತು ಮೂಡಿತೇ ಎಂಬುದನ್ನು ಬರೆದು, ಹೋಲಿಕೆಗೆ ಯೋಗ್ಯ ಗುರುತು ಕಂಡುಬಂದಿಲ್ಲ ಎಂದಷ್ಟೇ ದಾಖಲಿಸಬೇಕು. ವಸ್ತುವನ್ನು ಎಸೆಯದೆ ಇಟ್ಟುಕೊಳ್ಳಬೇಕು. ಮುಂದೆ ಬೇರೆ ವಿಧಾನದಿಂದ ಇನ್ನೊಮ್ಮೆ ಪರೀಕ್ಷಿಸಬೇಕೆಂದು ನ್ಯಾಯಾಲಯವೇ ಕೇಳಬಹುದು.